ಕೈಗೊಪ್ಪುವ ಪಿಸ್ತೂಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಪ್ರತಿವರ್ಷವೂ ನಮಗೆ ಅಪ್ಪಣೆಯಾಗುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ವಿಷಯದ ಆಯ್ಕೆಯನ್ನು ನಮಗೇ ಬಿಟ್ಟರು. ಗುರಿಯಾಟಕ್ಕಾಗಿ ಪಿಸ್ತೂಲನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ಮಾತನಾಡುವೆವೆಂದು ತಿಳಿಸಿದಾಗ ಅವರು ಕ್ಷಣಕಾಲ ಸುಮ್ಮನಿದ್ದು, "ಕನ್ನಡ ಪಂಡಿತರಿಗೂ ಪಿಸ್ತೂಲಿಗೂ ಎಲ್ಲಿಯ ಸಂಬಂಧ?" ಎಂದು ನಕ್ಕರು. ಸಂಬಂಧವುಂಟು. ಅದು ನಮಗೆ ಕೀರ್ತಿಯನ್ನು ತರುವ ಸಂಬಂಧವಲ್ಲ. ಆದುದರಿಂದಲೇ ಅದನ್ನು ಮೊದಲು ಅರಿಕೆಮಾಡಿಕೊಂಡು ಮುಂದುವರಿಯುವುದು ಧರ್ಮವೆಂದು ಭಾವಿಸುತ್ತೇವೆ.

೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ನೆರೆಯ ಕೊಲ್ಲಾಪುರದ ರಾಹಿ ಸರ್ನೋಬತ್ ಅವರು ೨೫ ಮೀಟರು ಪಿಸ್ತೂಲಿನಲ್ಲಿ ಚಿನ್ನದ ಪದಕವನ್ನು ಗೆದ್ದರು. ಆ ಕ್ರೀಡೆಗಳಲ್ಲಿ ಗುರಿಯಾಟದ ಚಿನ್ನವನ್ನು ಪಡೆದ ಮೊತ್ತಮೊದಲ ಭಾರತೀಯ ಮಹಿಳೆ ಅವರು. ಆ ಸುದ್ದಿಯಿಂದ ನಮ್ಮ ಭಾಗದ ಎಷ್ಟೋ ಮಕ್ಕಳ ಕಣ್ಣುಗಳು ಅರಳಿದವು. ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಒಬ್ಬ ಶಿಷ್ಯನೂ ಅವರಲ್ಲೊಬ್ಬ. ಅವನ ತಂದೆಯವರು ತೊಗರಿ ಬೆಳೆಯುವ ಒಕ್ಕಲಿಗರು. ಮೇಷ್ಟರಿಗೆ ಎಲ್ಲವೂ ತಿಳಿದಿರುವುದೆಂಬ ನಂಬಿಕೆಯಿಂದ ಅವರು ನಮ್ಮಲ್ಲಿಗೆ ಬಂದು, ಹುಡುಗನಿಗೆ ಎಂತಹ ಪಿಸ್ತೂಲನ್ನು ಕೊಡಿಸಬೇಕೆಂದು ಕೇಳಿದರು. ತಿಳಿಯದೆಂದು ಹೇಳುವುದಕ್ಕೆ ನಮ್ಮ ನಾಲಗೆ ಏಳಲಿಲ್ಲ. "ಆಯುಧ ಚೆನ್ನಾಗಿದ್ದರೆ ವಿದ್ಯೆ ಅರ್ಧ ಬಂದಂತೆ, ಶಕ್ತಿಯಿದ್ದಷ್ಟೂ ಒಳ್ಳೆಯದನ್ನೇ ಕೊಡಿಸಿ" ಎಂದುಬಿಟ್ಟೆವು. ಅವರು ಆ ವರ್ಷದ ತೊಗರಿಯ ಹಣಕ್ಕೆ ಸಾಲವನ್ನೂ ಕೂಡಿಸಿ, ಪರಿಚಯದವರೊಬ್ಬರ ಮುಖಾಂತರ ಒಂದು ಹಳೆಯ ವಿದೇಶೀ ಪಿಸ್ತೂಲನ್ನು ತಂದರು. ಅದರ ಹಿಡಿಯು ದೊಡ್ಡ ಗಂಡಾಳಿನ ಅಂಗೈಗೆ ತಕ್ಕುದು. ಅದರ ಗಾಳಿಕೊಳವೆಯ ಅವಧಿ ಮುಗಿದಿತ್ತು. ಹುಡುಗನಾದರೋ ಅದಕ್ಕೆ ಮೊದಲು ನೂರು ಗುಂಡುಗಳನ್ನೂ ಹೊಡೆದವನಲ್ಲ. ನಾಲ್ಕು ತಿಂಗಳಲ್ಲಿ ಅವನ ಮಣಿಕಟ್ಟು ನೋಯತೊಡಗಿತು, ಆರು ತಿಂಗಳಲ್ಲಿ ಮನಸ್ಸು ಮುರಿಯಿತು, ಪಿಸ್ತೂಲು ಅಟ್ಟವನ್ನೇರಿತು. ಸಾಲ ಮಾತ್ರ ಮೂರು ಸುಗ್ಗಿಗಳವರೆಗೆ ಉಳಿಯಿತು. ಆ ತಂದೆಯವರು ಈ ಹೊತ್ತು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರ ಅನುಮತಿಯನ್ನು ಪಡೆದೇ ಈ ಮಾತನ್ನು ಹೇಳುತ್ತಿದ್ದೇವೆ. ತಪ್ಪು ಅವರದಲ್ಲ, ಹುಡುಗನದಲ್ಲ. ಅರಿಯದೆ ಉಪದೇಶಮಾಡಿದ ನಮ್ಮದು.

೨೦೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಮನು ಭಾಕರ್ ಅವರು ೧೦ ಮೀಟರು ಗಾಳಿಪಿಸ್ತೂಲಿನಲ್ಲಿ ಕಂಚಿನ ಪದಕವನ್ನು ಗೆದ್ದು, ಸರಬ್‌ಜೋತ್ ಸಿಂಗ್ ಅವರೊಡಗೂಡಿ ಮತ್ತೊಂದನ್ನು ಗೆದ್ದ ಬಳಿಕ, ಮತ್ತೆ ತಂದೆತಾಯಿಗಳು ನಮ್ಮ ಮನೆಯ ಬಾಗಿಲಿಗೆ ಬರತೊಡಗಿದರು. ಈ ಸಲ ನಾವು ಉಪದೇಶಕ್ಕೆ ಮೊದಲು ಪಾಠವನ್ನು ಕಲಿಯಬೇಕೆಂದು ನಿಶ್ಚಯಿಸಿ, ರಜೆಯ ದಿನಗಳಲ್ಲಿ ಪಟ್ಟಣದ ಒಂದು ರೇಂಜಿಗೆ ಹೋಗಿ, ನಮ್ಮ ಮಕ್ಕಳ ವಯಸ್ಸಿನವರ ಸಾಲಿನಲ್ಲಿ ನಿಂತು ಪಿಸ್ತೂಲು ಹಿಡಿದೆವು. ಅಲ್ಲಿ ಕಂಡುಕೊಂಡುದನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದು ವಿವೇಚನೆ. ನಮ್ಮ ಮಕ್ಕಳು ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ಕಂಡವರು. ಅಲ್ಲಿರುವುದು ಕಾಳಗದ ಆಯುಧ. ನಾವು ಹೇಳುವುದು ಆಟದ ಉಪಕರಣ. ಮದ್ದಿನಿಂದ ಸಿಡಿಯುವ ಪಿಸ್ತೂಲಿಗೆ ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದಂತೆ ಲೈಸೆನ್ಸು ಬೇಕು. ಹವ್ಯಾಸಕ್ಕಾಗಿ ಗುರಿ ಹೊಡೆಯುವವರು ಅದರ ಗೊಡವೆಗೆ ಹೋಗಬೇಕಾದುದಿಲ್ಲ. ಗಾಳಿಯ ಒತ್ತಡದಿಂದ ಗುಂಡನ್ನೆಸೆಯುವ ಪಿಸ್ತೂಲಾದರೋ, ಅದರ ನಳಿಗೆಯ ಒಳವ್ಯಾಸ ೪.೫ ಮಿಲಿಮೀಟರನ್ನೂ ಮೂತಿಯ ಬಳಿಯ ಶಕ್ತಿ ೨೦ ಜೂಲುಗಳನ್ನೂ ಮೀರದಿದ್ದರೆ, ೨೦೧೬ರ ಶಸ್ತ್ರಾಸ್ತ್ರ ನಿಯಮಗಳಂತೆ ಲೈಸೆನ್ಸಿಲ್ಲದೆಯೇ ಕೊಳ್ಳಬಹುದಾದುದು. ಪಂದ್ಯದ ಗಾಳಿಪಿಸ್ತೂಲಿನಿಂದ ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು ೧೫೦ ಮೀಟರು ವೇಗದಲ್ಲಿ ಹೊರಡುತ್ತದೆ; ಲೆಕ್ಕಹಾಕಿದರೆ ಅದರ ಶಕ್ತಿ ೬ ಜೂಲುಗಳಿಗೂ ಕಡಿಮೆ. ಆದರೂ ಒಬ್ಬರ ಕಣ್ಣನ್ನು ಕಳೆಯಲು ಅಷ್ಟೇ ಸಾಕೆಂಬುದನ್ನು ಮರೆಯತಕ್ಕದ್ದಲ್ಲ. ಅಂಗಡಿಯಿಂದ ರಸೀತಿಯನ್ನು ಪಡೆದು ಜೋಪಾನವಾಗಿರಿಸಿಕೊಳ್ಳುವುದು ವಿವೇಕ.

ಇನ್ನು ಗಾಳಿಪಿಸ್ತೂಲುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು. ಮೊದಲನೆಯದು ಸ್ಪ್ರಿಂಗಿನದು. ಪ್ರತಿಯೊಂದು ಹೊಡೆತಕ್ಕೂ ಸ್ಪ್ರಿಂಗನ್ನು ಬಲವಾಗಿ ಒತ್ತಿಹಿಡಿಸಬೇಕು. ಬೆಲೆ ಅಗ್ಗ, ಕೆಲವು ಸಾವಿರ ರೂಪಾಯಿಗಳಲ್ಲಿ ನಮ್ಮ ದೇಶದ್ದೇ ದೊರೆಯುತ್ತದೆ. ಆದರೆ ಗುಂಡು ನಳಿಗೆಯನ್ನು ಬಿಡುವುದಕ್ಕೆ ಮುನ್ನವೇ ಸ್ಪ್ರಿಂಗಿನ ಬಡಿತಕ್ಕೆ ಪಿಸ್ತೂಲು ಜರುಗಿಬಿಡುವುದರಿಂದ, ತಪ್ಪು ಕೈಯದೋ ಯಂತ್ರದ್ದೋ ಎಂದು ಕಲಿಯುವವನಿಗೆ ತಿಳಿಯುವುದೇ ಇಲ್ಲ. ಡಬ್ಬಿಯನ್ನುರುಳಿಸುವ ವಿನೋದಕ್ಕೆ ಇದು ಸಾಕು, ಕಲಿಕೆಗೆ ಸಾಲದು. ಎರಡನೆಯದು ಇಂಗಾಲಾಮ್ಲದ ಅನಿಲದಿಂದ ನಡೆಯುವುದು. ಈ ಅನಿಲದ ಒತ್ತಡ ೨೦ ಡಿಗ್ರಿ ಶಾಖದಲ್ಲಿ ಸುಮಾರು ೫೭ ವಾಯುಭಾರದಷ್ಟಿದ್ದು, ಶಾಖದೊಡನೆ ಏರುತ್ತದೆ. ೩೧ ಡಿಗ್ರಿಯನ್ನು ದಾಟಿದರೆ ಕೊಳವೆಯೊಳಗೆ ಅದು ದ್ರವವಾಗಿಯೇ ಉಳಿಯದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಸೊಲ್ಲಾಪುರದ ಸೀಮೆಗೆ ಇದು ಹೇಳಿಮಾಡಿಸಿದುದಲ್ಲ. ಬೆಳಗಿನ ಗುಂಡು ಒಂದೆಡೆ ಬಿದ್ದರೆ ಮಧ್ಯಾಹ್ನದ್ದು ಮತ್ತೊಂದೆಡೆ ಬಿದ್ದೀತು.

ಮೂರನೆಯದು ಒಂದೇ ಮೀಟಿನಿಂದ ಗಾಳಿಯನ್ನು ಅಡಕಮಾಡುವ ಬಗೆ. ಪ್ರತಿ ಗುಂಡಿಗೂ ಒಂದು ಸಲ ಮೀಟುಗೋಲನ್ನೆಳೆದು ಮುಚ್ಚಿದರಾಯಿತು; ಒತ್ತಡ ಪ್ರತಿಸಲವೂ ಒಂದೇ ಸಮನಾಗಿರುತ್ತದೆ, ಬಡಿತವಿಲ್ಲ, ಗಾಳಿ ತುಂಬಿಸಲು ಯಾರ ಹಂಗೂ ಇಲ್ಲ. ೬೦ ಗುಂಡುಗಳನ್ನು ಹೊಡೆಯುವಷ್ಟರಲ್ಲಿ ತೋಳು ಬಳಲುವುದೊಂದೇ ಇದರ ದೋಷ. ನಾಲ್ಕನೆಯದು ಮೊದಲೇ ಗಾಳಿ ತುಂಬಿದ ಕೊಳವೆಯುಳ್ಳದ್ದು. ೨೦೦ ಬಾರ್ ಒತ್ತಡದ ಗಾಳಿಯನ್ನು ಕೊಳವೆಯಲ್ಲಿ ತುಂಬಿಟ್ಟಿರುತ್ತಾರೆ. ಒಳಗಿನ ನಿಯಂತ್ರಕವು ಪ್ರತಿ ಗುಂಡಿಗೂ ಅಳತೆಯಷ್ಟನ್ನೇ ಬಿಡುತ್ತದೆ. ಇಂದು ಒಲಿಂಪಿಕ್ ಪಂದ್ಯಗಳಲ್ಲಿ ಕಾಣುವುದು ಇದನ್ನೇ. ಸ್ಟೈರ್, ಮೋರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವರ್ಕ್‌ಬೌ ಮೊದಲಾದ ಐರೋಪ್ಯ ಕಾರ್ಖಾನೆಗಳವರು ಮಾಡುವ ಇವುಗಳ ಬೆಲೆ ನಮ್ಮ ದೇಶದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಗಾಳಿ ತುಂಬಿಸಲು ದೊಡ್ಡ ಸಿಲಿಂಡರೋ ಬಲವಾದ ಪಂಪೋ ಬೇಕು. ಅದು ನಿಮ್ಮ ಊರಿನಲ್ಲಿಲ್ಲದಿದ್ದರೆ ಲಕ್ಷದ ಪಿಸ್ತೂಲು ಮರದ ಗೊಂಬೆಗೆ ಸಮಾನ.

ಬಗೆಯನ್ನರಿತ ಮಾತ್ರಕ್ಕೆ ಆಯ್ಕೆ ಮುಗಿಯಲಿಲ್ಲ. ನಿಜವಾಗಿ ಅದು ಇಲ್ಲಿಂದ ಆರಂಭವಾಗುತ್ತದೆ. ಗಾಳಿಪಿಸ್ತೂಲನ್ನು ಒಂದೇ ಕೈಯಲ್ಲಿ, ತೋಳನ್ನು ನೀಡಿ, ಮಣಿಕಟ್ಟಿಗೆ ಯಾವ ಆಧಾರವೂ ಇಲ್ಲದೆ ಹಿಡಿಯತಕ್ಕದ್ದೆಂಬುದು ಪಂದ್ಯದ ವಿಧಿ. ೧೦ ಮೀಟರು ದೂರದ ಗುರಿಹಲಗೆಯಲ್ಲಿ ಹತ್ತು ಅಂಕಗಳ ವೃತ್ತದ ವ್ಯಾಸ ೧೧.೫ ಮಿಲಿಮೀಟರು ಮಾತ್ರ. ಅಂಗಿಯ ಗುಂಡಿಯಷ್ಟು ಎನ್ನೋಣ. ಇಂತಹ ಕೆಲಸದಲ್ಲಿ ಕೈಗೂ ಹಿಡಿಗೂ ನಡುವೆ ಕೂದಲೆಳೆಯಷ್ಟು ಮನಸ್ತಾಪವಿದ್ದರೂ ಗುರಿಹಲಗೆ ಅದನ್ನು ಊರಿಗೆಲ್ಲ ಸಾರಿಬಿಡುತ್ತದೆ.

ಆದಕಾರಣ ಹಿಡಿಯೇ ಪ್ರಧಾನ. ಮರದ ಹಿಡಿಗಳು ಸಣ್ಣದು, ನಡುವಿನದು, ದೊಡ್ಡದು ಎಂಬ ಅಳತೆಗಳಲ್ಲಿ, ಎಡಗೈಗೂ ಬಲಗೈಗೂ ಬೇರೆಬೇರೆಯಾಗಿ ದೊರೆಯುತ್ತವೆ. ತೋರುಬೆರಳಿನ ತುದಿಯ ಗೆಣ್ಣಿನ ಮೆತ್ತನೆಯ ಭಾಗವು ಹಿಡಿಯ ಪಕ್ಕವನ್ನು ತಾಗದೆ, ಕುದುರೆಯನ್ನು, ಎಂದರೆ ಟ್ರಿಗರನ್ನು, ನೇರವಾಗಿ ಮುಟ್ಟಬೇಕು. ಬೆರಳು ಎಟುಕದಿದ್ದರೆ ಹಿಡಿ ದೊಡ್ಡದಾಯಿತು. ಬೆರಳು ಮಡಿಚಿ ನಿಂತರೆ ಸಣ್ಣದಾಯಿತು. ಇದಕ್ಕೊಂದು ಸುಲಭ ಪರೀಕ್ಷೆಯನ್ನು ರೇಂಜಿನ ಶಿಕ್ಷಕರು ನಮಗೆ ಕಲಿಸಿದರು. ಗುಂಡಿಲ್ಲದ ಪಿಸ್ತೂಲನ್ನು ಹಿಡಿದು, ಗುರಿಯ ಕಡೆಗೆ ನಿಂತು, ಕಣ್ಣುಗಳನ್ನು ಮುಚ್ಚಿ, ತೋಳನ್ನು ಎತ್ತಿ, ಎರಡು ಉಸಿರುಗಳಾದ ಮೇಲೆ ಕಣ್ತೆರೆಯಬೇಕು. ನಳಿಗೆಯ ಮೂತಿಯ ಮೇಲಿರುವ ಪುಟ್ಟ ಕಂಬವು ಹಿಂದಿನ ಚೌಕ ಕಚ್ಚಿನ ನಡುವೆ ತಾನಾಗಿಯೇ ನಿಂತಿದ್ದರೆ ಆ ಹಿಡಿ ನಿಮ್ಮದು. ಎಡಕ್ಕೋ ಬಲಕ್ಕೋ ಸರಿದಿದ್ದರೆ, ಪಿಸ್ತೂಲು ಎಷ್ಟೇ ಹೊಳೆಯುತ್ತಿರಲಿ, ಅದು ಮತ್ತೊಬ್ಬರದು. ಹತ್ತು ಸಲ ಹೀಗೆ ಮಾಡಿ ನೋಡಿರಿ. ಒಮ್ಮೆ ಸರಿಬಂದುದನ್ನು ನೆಚ್ಚಬೇಡಿರಿ.

ಎಡಗೈಯ ಮಕ್ಕಳ ವಿಷಯದಲ್ಲಿ ಒಂದು ಮಾತು. ಎಡಗೈಯನ್ನು ಚಾಚಿದ ಮಗುವನ್ನು ಗದರಿ ಬಲಗೈಗೆ ತಿದ್ದುವುದು ನಮ್ಮ ಮನೆಗಳ ಹಳೆಯ ರೂಢಿ. ಗುರಿಯಾಟದಲ್ಲಿ ಅದು ಕೂಡದು. ಹಂಗೆರಿಯ ಕಾರೊಯಿ ಟಾಕಾಚ್ ಎಂಬ ಸೈನಿಕನ ಬಲಗೈ ೧೯೩೮ರಲ್ಲಿ ಕೈಬಾಂಬು ಸಿಡಿದು ಹಾಳಾಯಿತು. ಆತನು ಎಡಗೈಯಿಂದ ಮೊದಲಿನಿಂದ ಕಲಿತು, ೧೯೪೮ರ ಲಂಡನ್ ಒಲಿಂಪಿಕ್ಕಿನಲ್ಲಿಯೂ ೧೯೫೨ರ ಹೆಲ್ಸಿಂಕಿಯಲ್ಲಿಯೂ ೨೫ ಮೀಟರು ಶೀಘ್ರಗತಿಯ ಪಿಸ್ತೂಲಿನಲ್ಲಿ ಚಿನ್ನವನ್ನು ಗೆದ್ದನು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರಿಗೆ ೨೦೧೩ರಲ್ಲಿ ಮುಖದ ಒಂದು ಪಾರ್ಶ್ವದ ನರಗಳು ಸೋತವು; ೨೦೧೪ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅವರು ೧೦ ಮೀಟರು ಗಾಳಿಪಿಸ್ತೂಲಿನ ಬೆಳ್ಳಿಯನ್ನು ತಂದರು. ಏಕಲವ್ಯನ ಕಥೆಯನ್ನು ಪಾಠಹೇಳುವಾಗ ಹೆಬ್ಬೆರಳಿನೊಡನೆ ವಿದ್ಯೆಯೂ ಹೋಯಿತೆಂದು ನಾವು ಮರುಗುತ್ತಿದ್ದೆವು. ದೇಹಕ್ಕೆ ತಕ್ಕಂತೆ ವಿದ್ಯೆಯನ್ನು ಹೊಸದಾಗಿ ಕಟ್ಟಿಕೊಳ್ಳಲು ಬರುವುದೆಂಬುದನ್ನು ಈ ಇಬ್ಬರಿಂದ ತಿಳಿದುಕೊಂಡೆವು. ಮಗುವಿನ ಯಾವ ಕೈ, ಯಾವ ಕಣ್ಣು ಮುಂದೆಂಬುದನ್ನು ಮೊದಲು ನೋಡಿ, ಆಮೇಲೆ ಹಿಡಿಯನ್ನು ಹುಡುಕಬೇಕು.

ಹಿಡಿಯ ತರುವಾಯ ಕುದುರೆ. ಪಂದ್ಯದ ನಿಯಮದಂತೆ ಗಾಳಿಪಿಸ್ತೂಲಿನ ಕುದುರೆಯು ೫೦೦ ಗ್ರಾಮಿಗಿಂತ ಕಡಿಮೆಯ ಭಾರಕ್ಕೆ ಬಿಡತಕ್ಕದ್ದಲ್ಲ. ಪಂದ್ಯಕ್ಕೆ ಮುನ್ನ ಅಧಿಕಾರಿಗಳು ತೂಕದ ಕಲ್ಲನ್ನು ಅದಕ್ಕೆ ತಗುಲಿಸಿ ಎತ್ತಿ ನೋಡುತ್ತಾರೆ. ಒಳ್ಳೆಯ ಕುದುರೆಯಲ್ಲಿ ಎರಡು ಹಂತಗಳಿರುತ್ತವೆ: ಮೊದಲು ಸಡಿಲವಾಗಿ ಬಂದು ಒಂದೆಡೆ ತಡೆಯುತ್ತದೆ, ಅಲ್ಲಿಂದ ಮೆಲ್ಲನೆ ಒತ್ತಿದರೆ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಆ ಎರಡನೆಯ ಹಂತದಲ್ಲಿ ಒರಟುತನವೋ ಜಗ್ಗಾಟವೋ ಇದ್ದರೆ ಆ ಪಿಸ್ತೂಲನ್ನು ಬಿಡಿರಿ. ಗುಂಡಿಲ್ಲದೆ ಗಾಳಿಯಿಲ್ಲದೆ ಕುದುರೆಯನ್ನಷ್ಟೇ ಬಿಡಿಸುವ ಒಣ ಅಭ್ಯಾಸದ ಅನುಕೂಲ ಉಂಟೇ ಎಂಬುದನ್ನೂ ವಿಚಾರಿಸಿರಿ. ಬಿಳಿಯ ಗೋಡೆಯ ಮುಂದೆ ದಿನಕ್ಕೆ ಅರ್ಧ ಗಂಟೆ ಮಾಡುವ ಈ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ.

ಭಾರದ ಮಾತು. ನಿಯಮವು ೧೫೦೦ ಗ್ರಾಮಿನವರೆಗೆ ಒಪ್ಪುವುದಾದರೂ ಪಂದ್ಯದ ಪಿಸ್ತೂಲುಗಳು ಬಹುಮಟ್ಟಿಗೆ ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿವೆ. ನೀರು ತುಂಬಿದ ತಂಬಿಗೆಯೊಂದನ್ನು ನೀಡಿದ ತೋಳಿನಲ್ಲಿ ಹಿಡಿದು ನಿಂತರೆ ಅದರ ಅರ್ಥವಾಗುತ್ತದೆ. ಹನ್ನೆರಡು ಹದಿಮೂರರ ಮಕ್ಕಳಿಗೆ ನಳಿಗೆ ಚಿಕ್ಕದಾದ ಹಗುರ ಮಾದರಿಗಳುಂಟು; ಮುಂದೆ ಬೆಳೆಯುತ್ತಾನೆಂದು ದೊಡ್ಡ ಅಂಗಿಯನ್ನು ಹೊಲಿಸಿದಂತೆ ದೊಡ್ಡ ಪಿಸ್ತೂಲನ್ನು ಕೊಡಿಸಲಾಗದು.

ಇನ್ನು ಕಣ್ಣು. ಈ ಎಡೆಯಲ್ಲಿ ನಮ್ಮ ಪಾಂಡಿತ್ಯಕ್ಕೊಂದು ಪೆಟ್ಟು ಬಿದ್ದಿತು. ಮರದ ಮೇಲಿನ ಹಕ್ಕಿಯ ತಲೆಯೊಂದೇ ಕಾಣುತ್ತಿದೆಯೆಂದು ದ್ರೋಣರಿಗೆ ಅರ್ಜುನನು ಹೇಳಿದ ಕಥೆಯನ್ನು ನಾವು ಇಪ್ಪತ್ತು ವರ್ಷ ಮಕ್ಕಳಿಗೆ ಬೋಧಿಸಿದವರು. ರೇಂಜಿನಲ್ಲಿ ನಾವೂ ಗುರಿಹಲಗೆಯ ಕರಿಯ ವೃತ್ತವನ್ನೇ ದಿಟ್ಟಿಸಿದೆವು, ಗುಂಡುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಶಿಕ್ಷಕರು ನಕ್ಕು, "ಗುರುಗಳೇ, ಗುರಿಯನ್ನು ನೋಡಬೇಡಿ. ಮೂತಿಯ ಮೇಲಿನ ಕಂಬವನ್ನು ನೋಡಿ, ಗುರಿ ಮಂಜಾಗಿ ಕಂಡರೆ ಕಾಣಲಿ" ಎಂದರು. ಇದರ ಗಣಿತ ಸರಳ. ಮುಂದಿನ ಕಂಬಕ್ಕೂ ಹಿಂದಿನ ಕಚ್ಚಿಗೂ ನಡುವಣ ದೂರ ೩೦ ಸೆಂಟಿಮೀಟರೆಂದಿಟ್ಟುಕೊಳ್ಳೋಣ. ತೋಳು ಇಡಿಯಾಗಿ ೧ ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡೂ ೧ ಮಿಲಿಮೀಟರೇ ಸರಿಯುತ್ತದೆ, ಹತ್ತಂಕ ಉಳಿಯುತ್ತದೆ. ಕಂಬವು ಕಚ್ಚಿನೊಳಗೆ ೧ ಮಿಲಿಮೀಟರು ವಾರೆಯಾದರೆ, ೧೦ ಮೀಟರಿನಾಚೆ ಆ ವಾರೆ ೩೩ ಮಿಲಿಮೀಟರಾಗಿ ಹಿಗ್ಗುತ್ತದೆ. ಹತ್ತು ಹೋಗಿ ಆರು ಬರುತ್ತದೆ. ಕೈಯ ನಡುಕವನ್ನು ದೇವರು ಕ್ಷಮಿಸುತ್ತಾನೆ, ಕೈಯೊಳಗಿನ ವಕ್ರತೆಯನ್ನು ಕ್ಷಮಿಸುವುದಿಲ್ಲ ಎಂದು ನಾವು ಅರ್ಥಮಾಡಿಕೊಂಡೆವು. ಆದ್ದರಿಂದ ಪಿಸ್ತೂಲನ್ನು ಕೊಳ್ಳುವಾಗ ಕಂಬವು ನಿಮ್ಮ ಕಣ್ಣಿಗೆ ಸ್ಫುಟವಾಗಿ ಕಾಣುವುದೇ, ಕಚ್ಚಿನ ಅಗಲವನ್ನು ಹೆಚ್ಚುಕಡಿಮೆ ಮಾಡಲು ಬರುವುದೇ, ಕಂಬದ ಎರಡು ಪಕ್ಕಗಳಲ್ಲಿಯೂ ಬೆಳಕಿನ ಗೆರೆ ಸಮನಾಗಿ ತೋರುವುದೇ ಎಂದು ನೋಡತಕ್ಕದ್ದು. ಚಾಳೀಸು ದಾಟಿದ ನಮ್ಮಂಥವರು ಕನ್ನಡಕದೊಡನೆ ನೋಡುವುದೊಳ್ಳೆಯದು.

ಪ್ಯಾರಿಸ್ಸಿನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ಅವರು ತಮ್ಮ ೫೧ನೆಯ ವಯಸ್ಸಿನಲ್ಲಿ, ಸಾಧಾರಣ ಕನ್ನಡಕವನ್ನು ಧರಿಸಿ, ಒಂದು ಕೈಯನ್ನು ಜೇಬಿನಲ್ಲಿರಿಸಿ, ಜೋಡಿಪಂದ್ಯದ ಬೆಳ್ಳಿಯನ್ನು ಗೆದ್ದುದನ್ನು ನೀವೆಲ್ಲ ಚಿತ್ರದಲ್ಲಿ ಕಂಡಿದ್ದೀರಿ. ಸಲಕರಣೆಗಳ ಆಡಂಬರ ಬೇಡವೆಂಬುದಕ್ಕೆ ಅವರು ಸಾಕ್ಷಿ. ಅಭ್ಯಾಸ ಬೇಡವೆಂಬುದಕ್ಕೆ ಸಾಕ್ಷಿಯಲ್ಲ. ಬೆಲೆಯುಳ್ಳ ಯಂತ್ರವೂ ಕೈಕೊಡುವುದುಂಟು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಕಿನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲೇ ಕೆಟ್ಟು, ಅಮೂಲ್ಯವಾದ ಕಾಲ ಕಳೆದುಹೋಗಿ, ಅವರು ಅಂತಿಮ ಸುತ್ತನ್ನು ತಲಪಲಾರದೆ ಹೋದರು. ಆದುದರಿಂದ ಕೊಳ್ಳುವ ಮುನ್ನ ಇದನ್ನೂ ಕೇಳಿರಿ: ಇದು ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ? ಬಿಡಿಭಾಗ ಎಷ್ಟು ದಿನಗಳಲ್ಲಿ ಬಂದೀತು?

ಹಳೆಯ ಪಿಸ್ತೂಲನ್ನು ಕೊಳ್ಳುವವರು ಗಾಳಿಕೊಳವೆಯ ಮೇಲೆ ಕೆತ್ತಿರುವ ದಿನಾಂಕವನ್ನು ತಪ್ಪದೆ ಓದತಕ್ಕದ್ದು. ತಯಾರಕರು ಸಾಮಾನ್ಯವಾಗಿ ಅದಕ್ಕೆ ಹತ್ತು ವರ್ಷಗಳ ಅವಧಿಯನ್ನು ಗೊತ್ತುಮಾಡಿರುತ್ತಾರೆ. ಅವಧಿ ಮೀರಿದ ಕೊಳವೆಯಲ್ಲಿ ೨೦೦ ಬಾರ್ ಗಾಳಿಯನ್ನು ತುಂಬುವುದು ಅಪಾಯಕರ, ಪಂದ್ಯದಲ್ಲಿ ನಿಷಿದ್ಧ. ನಾವು ಈ ಒಂದು ಸಾಲನ್ನು ಮೊದಲೇ ಅರಿತಿದ್ದರೆ ಒಂದು ಮನೆಯ ತೊಗರಿಯ ಹಣ ಉಳಿಯುತ್ತಿತ್ತು.

ಖರ್ಚಿನ ಲೆಕ್ಕವನ್ನೂ ನೇರವಾಗಿ ಹೇಳಿಬಿಡೋಣ. ಪಿಸ್ತೂಲಿನ ಬೆಲೆ ಒಂದು ಸಲದ್ದು. ಗುಂಡು, ರೇಂಜಿನ ಶುಲ್ಕ, ಬಸ್ಸಿನ ಚಾರ್ಜು ಪ್ರತಿತಿಂಗಳಿನವು. ದಿನಕ್ಕೆ ೬೦ರಂತೆ ತಿಂಗಳಿಗೆ ೨೫ ದಿನ ಹೊಡೆದರೆ ೧೫೦೦ ಗುಂಡುಗಳಾದವು. ಎಂದರೆ ೫೦೦ರ ಮೂರು ಡಬ್ಬಿಗಳು. ಇದನ್ನು ವರ್ಷಪೂರ್ತಿ ಭರಿಸಲು ಶಕ್ತಿಯುಂಟೇ ಎಂದು ನೋಡಿಕೊಂಡು ಪಿಸ್ತೂಲಿನ ಮಾತೆತ್ತಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಮೊದಲ ಆರು ತಿಂಗಳು ರೇಂಜಿನ ಪಿಸ್ತೂಲನ್ನೇ ಬಾಡಿಗೆಗೆ ಪಡೆದು ಹೊಡೆಯುವುದು ಉತ್ತಮ ಪಕ್ಷ. ಅಷ್ಟರಲ್ಲಿ ಮಗುವಿನ ಆಸೆ ನಿಂತೀತೋ ನೀಗೀತೋ ತಿಳಿಯುತ್ತದೆ. ನಾಲ್ಕಾರು ಹಿಡಿಗಳ ರುಚಿಯೂ ಸಿಗುತ್ತದೆ. ಆಗಲೂ ಅಂಕ ಏರದಿದ್ದರೆ ಪಿಸ್ತೂಲನ್ನು ಬೈಯುವ ಮುನ್ನ, ಕುಣಿಯಲಾರದವಳು ನೆಲ ಡೊಂಕೆಂದ ಮಾತನ್ನು ನೆನೆಯುವುದು.

ಕೊನೆಯದಾಗಿ ಎಲ್ಲಕ್ಕೂ ಮೊದಲಿನದು: ಜಾಗರೂಕತೆ. ಗುಂಡಿಲ್ಲವೆಂದು ಗೊತ್ತಿದ್ದರೂ ಪಿಸ್ತೂಲಿನ ಮೂತಿ ಮನುಷ್ಯರ ಕಡೆಗೆ ತಿರುಗತಕ್ಕದ್ದಲ್ಲ. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗಿರಬೇಕು. ಹೊಡೆಯದಿರುವಾಗ ನಳಿಗೆಯೊಳಗೆ ಎದ್ದುಕಾಣುವ ಬಣ್ಣದ ದಾರವನ್ನು ಹಾಯಿಸಿಡಬೇಕು. ರೇಂಜುಗಳಲ್ಲಿ ಇದೇ ಪದ್ಧತಿ. ಸೀಸದ ಗುಂಡುಗಳನ್ನು ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದು. ಹೊಲದಲ್ಲಿ, ಹಿತ್ತಿಲಲ್ಲಿ ಹಕ್ಕಿಗಳ ಮೇಲೆ ಗುರಿಯಿಡುವ ಹುಡುಗನ ಕೈಯಿಂದ ಪಿಸ್ತೂಲನ್ನು ಆ ದಿನವೇ ತೆಗೆದಿಡಿರಿ. ಅರುಣಾಚಲ ಪ್ರದೇಶದಲ್ಲಿ ೨೦೨೧ರಿಂದ ಜನರು ಹಕ್ಕಿಗಳನ್ನುಳಿಸಲು ತಮ್ಮ ಗಾಳಿಬಂದೂಕುಗಳನ್ನು ತಾವಾಗಿ ಒಪ್ಪಿಸಿದ ಅಭಿಯಾನವೇ ನಡೆಯಿತು. ಕಾಗದದ ವೃತ್ತವೊಂದೇ ನಮ್ಮ ಗುರಿ.

ಮುಗಿಸುವ ಮುನ್ನ ಒಂದು ಸಣ್ಣ ಸುದ್ದಿ. ಒಂಬತ್ತನೆಯ ತರಗತಿಯ ಒಬ್ಬ ಬಾಲಕಿ ಐದು ತಿಂಗಳಿಂದ ರೇಂಜಿನ ಬಾಡಿಗೆಯ ಪಿಸ್ತೂಲಿನಲ್ಲಿ ಅಭ್ಯಾಸಮಾಡುತ್ತಿದ್ದಾಳೆ. ಶಿಕ್ಷಕರು ಮರಾಠಿಯಲ್ಲಿ ಹೇಳಿಕೊಡುತ್ತಾರೆ. ಅವಳು ಅಂಕಗಳನ್ನು ಕನ್ನಡದಲ್ಲಿ ಎಣಿಸಿಕೊಳ್ಳುತ್ತಾಳೆ. ಅವಳ ತಂದೆಯವರು ಇದುವರೆಗೆ ಸಾಲ ಮಾಡಿಲ್ಲ, ನಾವು ಮಾಡಗೊಡಿಸಿಲ್ಲ. ಹೋದ ತಿಂಗಳು, ಈ ಸಭೆಯಲ್ಲಿರುವ ಆ ಹಿರಿಯರು ಅಟ್ಟದ ಮೇಲಿನ ಪೆಟ್ಟಿಗೆಯನ್ನು ತಾವಾಗಿ ಇಳಿಸಿ ನಮ್ಮ ಮನೆಗೆ ತಂದರು. ಪುಣೆಯಲ್ಲಿ ನೌಕರಿಯಲ್ಲಿರುವ ಮಗನೇ ಹೇಳಿಕಳುಹಿಸಿದನಂತೆ. ಹೊಸ ಕೊಳವೆಯನ್ನೂ ಸಣ್ಣ ಅಳತೆಯ ಹಿಡಿಯನ್ನೂ ಹಾಕಿಸಿದರೆ ಅದು ಇನ್ನೂ ಬಹುಕಾಲ ಬಾಳುವುದೆಂದು ತಿಳಿದವರು ಪರೀಕ್ಷಿಸಿ ಹೇಳಿದ್ದಾರೆ. ಆ ವೆಚ್ಚವನ್ನು ಹೊರುವುದು ನಮ್ಮ ಪಾಲಿನ ಋಣ. "ಆ ಹುಡುಗಿಗೆ ಕೊಟ್ಟುಬಿಡಿ ಮೇಷ್ಟರೇ" ಎಂದರು ಹಿರಿಯರು. ಕೊಡುತ್ತೇವೆಂದು ನಾವು ಮಾತು ಕೊಡಲಿಲ್ಲ. ಮುಂದಿನ ಭಾನುವಾರ ಅವಳು ಕಣ್ಣುಮುಚ್ಚಿ ಅದನ್ನು ಹತ್ತು ಸಲ ಎತ್ತಿ ನೋಡಲಿದ್ದಾಳೆ. ಅವಳ ಕೈಗೆ ಒಪ್ಪಿದರೆ ಅದು ಅವಳದು. ಒಪ್ಪದಿದ್ದರೆ, ಒಪ್ಪುವ ಕೈ ಬರುವವರೆಗೆ ಕಾಯುತ್ತೇವೆ.